ಪ್ರತಿಕ್ರಿಯೆ: ಸ್ಯಾಂಪಲ್ ಸೇಲ್‌ನಲ್ಲಿ ಕೊಂಡ ಕೋಟು ಅಳತೆಗೆ ಬಾರದಿರುವುದು

ಸ್ಯಾಂಪಲ್ ಸೇಲ್ ಎಂದರೆ ಉಡುಪು ತಯಾರಕರು ತಮ್ಮಲ್ಲಿ ಉಳಿದ ಮಾದರಿ ಉಡುಪುಗಳನ್ನು ರಿಯಾಯಿತಿಯಲ್ಲಿ ಮಾರುವುದು. ಅಲ್ಲಿ ನೀವು ಕೊಂಡ ಕೋಟು, ಲೇಬಲ್‌ನಲ್ಲಿ ನಿಮ್ಮದೇ ಅಳತೆ ಇದ್ದರೂ, ಎದೆಯಲ್ಲಿ ಬಿಗಿಯಾಗಿ, ತೋಳಿನಲ್ಲಿ ಉದ್ದವಾಗಿ ಇರುವುದಕ್ಕೆ ಬಹುಮಟ್ಟಿಗೆ ಕಾರಣ, ಅದು ಅಂಗಡಿಯ ಮಾರಾಟಕ್ಕೆ ತಯಾರಾದ ಉಡುಪಾಗಿರದೆ, ಎತ್ತರದ, ತೆಳು ಮೈಕಟ್ಟಿನ ರೂಪದರ್ಶಿಗಾಗಿ ಹೊಲಿದ ಮಾದರಿಯಾಗಿರುವುದು. ಇತರ ಅಳತೆಗಳಿಗೆ ತಕ್ಕಂತೆ ಬಟ್ಟೆ ಕತ್ತರಿಸುವ ನಕ್ಷೆಯನ್ನು ಹಿಗ್ಗಿಸುವ ಕೆಲಸ ಸಾಮಾನ್ಯವಾಗಿ ಆಮೇಲೆ ನಡೆಯುತ್ತದೆ.

ಮೊದಲು ರಸೀದಿಯ ಷರತ್ತುಗಳನ್ನು ಓದಿ. ಇಂಥ ಮಾರಾಟಗಳಲ್ಲಿ ಹೆಚ್ಚಾಗಿ ವಾಪಸಾತಿ ಇರುವುದಿಲ್ಲ. ಇಲ್ಲವೆಂದಾದರೆ ಕೋಟನ್ನು ಒಳಮೈ ಹೊರಗೆ ಮಾಡಿ, ಪಕ್ಕದ ಹೊಲಿಗೆಯಲ್ಲಿ ಎಷ್ಟು ಬಟ್ಟೆ ಉಳಿದಿದೆ ಎಂದು ನೋಡಿ. ಅಸ್ತರಿ ಇದ್ದರೆ ಅದನ್ನು ದರ್ಜಿಯೇ ಬಿಚ್ಚಲಿ. ಎರಡೂ ಅಂಚಿನಲ್ಲಿ ಒಂದು ಸೆಂಟಿಮೀಟರಿನಷ್ಟಾದರೂ ಉಳಿದಿದ್ದರೆ ಎದೆಯನ್ನು ಸಡಿಲಿಸುವುದು ಸಾಧ್ಯವಾಗಬಹುದು, ಆದರೆ ರೇಷ್ಮೆ ಅಥವಾ ಚರ್ಮವಾಗಿದ್ದರೆ ಹಳೆಯ ಸೂಜಿತೂತುಗಳು ಹಾಗೆಯೇ ಕಾಣುವ ಸಂಭವವಿದೆ. ಬಟ್ಟೆಯನ್ನು ಕೈಯಲ್ಲಿ ಹಿಡಿದು ನೋಡಿದ ದರ್ಜಿ ಮಾತ್ರ ಇದನ್ನು ಖಚಿತವಾಗಿ ಹೇಳಬಲ್ಲರು. ತೋಳನ್ನು ಗಿಡ್ಡ ಮಾಡುವುದು ಸುಲಭ, ಮುಂಗೈ ಬಳಿ ನಿಜವಾದ (ಗುಂಡಿ ಹಾಕಿ ತೆಗೆಯಬಹುದಾದ) ಗುಂಡಿತೂತುಗಳಿದ್ದರೆ ಮಾತ್ರ ಭುಜದ ಕಡೆಯಿಂದ ಕತ್ತರಿಸಬೇಕಾಗಿ ಬಂದು ಖರ್ಚು ಏರುತ್ತದೆ. ಭುಜವೇ ಕೂರದಿದ್ದರೆ ದುರಸ್ತಿಗೆ ಹಣ ಸುರಿಯದೆ ಮರುಮಾರಾಟ ಮಾಡುವುದು ಮೇಲು ಎಂಬುದು ನನ್ನ ಅಭಿಪ್ರಾಯ.

ಮುಂದಿನ ಬಾರಿ ಹೋಗುವ ಮುನ್ನ, ಚೆನ್ನಾಗಿ ಒಪ್ಪುವ ನಿಮ್ಮ ಕೋಟೊಂದರ ಭುಜ, ಎದೆ ಮತ್ತು ತೋಳಿನ ಅಳತೆಗಳನ್ನು ಬರೆದುಕೊಂಡು ಟೇಪನ್ನು ಜೊತೆಗೊಯ್ಯಿರಿ. ಧರಿಸಿ ನೋಡುವ ಕೋಣೆ ಎಷ್ಟೋ ಕಡೆ ಇರುವುದಿಲ್ಲವಾದ್ದರಿಂದ ಮೈಗೊಪ್ಪುವ ತೆಳು ಉಡುಪನ್ನು ತೊಟ್ಟು ಹೋಗಿ, ಅದರ ಮೇಲೆಯೇ ಹಾಕಿ ನೋಡಿ. ಕೊರಳಪಟ್ಟಿಗೆ ಅಂಟಿರಬಹುದಾದ ಮೇಕಪ್ಪಿನ ಕಲೆ, ಜಿಪ್ಪು, ಕಂಕುಳಿನ ಹೊಲಿಗೆ, ಇವನ್ನು ಹಣ ಕೊಡುವ ಮೊದಲೇ ಪರೀಕ್ಷಿಸಿ.