ಅಕ್ಕಿ ಡಬ್ಬದಿಂದ ಶುರು ಮಾಡಿ

ನಮಸ್ಕಾರ.

ತೀರ್ಥಹಳ್ಳಿಯಿಂದ ನೀವು ಕಳಿಸಿದ ‘ಬಂದೂಕು ಕಾನೂನು ಬಿಗಿಯಾದರೆ ಅಪರಾಧ ಇಳಿಯುತ್ತದೆ’ ಲೇಖನವನ್ನು ಎರಡು ಸಲ ಓದಿದೆ. ಈಗಿರುವ ಹಾಗೆ ನಮ್ಮ ಪತ್ರಿಕೆಯಲ್ಲಿ ಹಾಕಲು ಆಗುವುದಿಲ್ಲ. ಕೈಬಿಡಲೂ ಮನಸ್ಸಿಲ್ಲ, ಅದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ.

ಮೊದಲ ತಕರಾರು ಆಸ್ಟ್ರೇಲಿಯಾದ್ದು. 1996ರಲ್ಲಿ ಪೋರ್ಟ್ ಆರ್ಥರ್‌ನಲ್ಲಿ ಒಬ್ಬ 35 ಜನರನ್ನು ಕೊಂದ, ಸರ್ಕಾರ ಸುಮಾರು ಆರೂವರೆ ಲಕ್ಷ ಬಂದೂಕುಗಳನ್ನು ದುಡ್ಡು ಕೊಟ್ಟು ವಾಪಸ್ ಪಡೆಯಿತು, ಆಮೇಲೆ ಸಾವು ಇಳಿಯಿತು ಅಂದಿದ್ದೀರಿ. ಮೂರೂ ನಿಜ. ಆದರೆ ಅಲ್ಲಿ ಬಂದೂಕಿನ ಸಾವು 1996ಕ್ಕೆ ಮೊದಲೇ ಇಳಿಯುತ್ತಾ ಬಂದಿತ್ತು. ಹಾಗಾಗಿ ಕಾನೂನಿನ ಪಾಲು ಎಷ್ಟು ಅಂತ ಬಲ್ಲವರು ಇವತ್ತಿಗೂ ವಾದ ಮಾಡುತ್ತಾರೆ. ಆ ವಾದವನ್ನೇ ನೀವು ಓದುಗರಿಂದ ಮುಚ್ಚಿಟ್ಟಿದ್ದೀರಿ. ಇನ್ನೊಂದು, ಅಲ್ಲಿ ಬಂದೂಕಿನಿಂದ ಸತ್ತವರಲ್ಲಿ ಹೆಚ್ಚಿನವರು ಆತ್ಮಹತ್ಯೆ ಮಾಡಿಕೊಂಡವರು. ಅಮೆರಿಕದಲ್ಲೂ ಅರ್ಧಕ್ಕಿಂತ ಜಾಸ್ತಿ ಹಾಗೆಯೇ. ಅವರನ್ನೆಲ್ಲ ಅಪರಾಧದ ಲೆಕ್ಕಕ್ಕೆ ಸೇರಿಸಿದರೆ ಹೇಗೆ?

‘ಬಂದೂಕು ಕಾನೂನು’ ಅನ್ನುವ ಒಂದೇ ಕಾನೂನು ಇಲ್ಲ. ಯಾರಿಗೆ ಲೈಸೆನ್ಸ್ ಕೊಡಬೇಕು ಅನ್ನುವುದು ಒಂದು. ಎಷ್ಟು ಇಟ್ಟುಕೊಳ್ಳಬಹುದು ಅನ್ನುವುದು ಇನ್ನೊಂದು. ನಮ್ಮಲ್ಲಿ ಶಸ್ತ್ರಾಸ್ತ್ರ ಕಾಯ್ದೆಯ 2019ರ ತಿದ್ದುಪಡಿ ಅದನ್ನು ಮೂರರಿಂದ ಎರಡಕ್ಕೆ ಇಳಿಸಿತು. ಮನೆಯಲ್ಲಿ ಹೇಗೆ ಇಡಬೇಕು ಅನ್ನುವುದು ಬೇರೆಯೇ. ಎಲ್ಲವನ್ನೂ ಒಂದೇ ಚೀಲಕ್ಕೆ ತುಂಬಿದ್ದೀರಿ. ಮತ್ತೆ, ಕೊಡಗನ್ನು ಹೇಗೆ ಮರೆತಿರಿ? ಕೊಡವರಿಗೆ, ಅಲ್ಲಿ ವಂಶಪಾರಂಪರ್ಯವಾಗಿ ಬಂದ ಜಮ್ಮಾ ಭೂಮಿ ಇರುವವರಿಗೆ ಕೋವಿಯ ಲೈಸೆನ್ಸಿನಿಂದ ವಿನಾಯಿತಿ ಇದೆ, 2021ರಲ್ಲಿ ಹೈಕೋರ್ಟ್ ಅದನ್ನು ಎತ್ತಿಹಿಡಿಯಿತು. ನಿಮ್ಮ ವಾದವನ್ನು ಒರೆಗೆ ಹಚ್ಚಲು ಅಷ್ಟು ಹತ್ತಿರದ ಊರು ಇನ್ನೆಲ್ಲಿ ಸಿಗುತ್ತದೆ?

ಈಗ ನಾಲ್ಕನೇ ಪುಟಕ್ಕೆ ಬರುತ್ತೇನೆ. ಅಜ್ಜ ಕೋವಿಯನ್ನು ಅಟ್ಟದ ಮೇಲೆ ಇಡುತ್ತಿದ್ದರು, ತೋಟಾಗಳನ್ನು ಅಜ್ಜಿ ಅಕ್ಕಿ ಡಬ್ಬದ ತಳದಲ್ಲಿ ಹೂತಿಡುತ್ತಿದ್ದರು, ಹಂದಿ ಗದ್ದೆಗೆ ಇಳಿದ ರಾತ್ರಿ ಅಜ್ಜಿ ಮೊಣಕೈವರೆಗೆ ಅಕ್ಕಿಯಲ್ಲಿ ಕೈಯಿಟ್ಟು ತಡಕುತ್ತಿದ್ದರು. ಈ ಎರಡು ಸಾಲು ಓದಿ ನಾನು ಹಾಳೆ ಕೆಳಗಿಟ್ಟು ಕೂತೆ. ನೀವು ಮಾತ್ರ ಅದನ್ನು ದಾಟಿ ಮತ್ತೆ ಅಮೆರಿಕಕ್ಕೆ ಹೋಗಿಬಿಟ್ಟಿದ್ದೀರಿ.

ಅಮೆರಿಕದ ರ‍್ಯಾಂಡ್ ಸಂಶೋಧನಾ ಸಂಸ್ಥೆ ಅಲ್ಲಿನ ಬಂದೂಕು ಕಾನೂನುಗಳ ಅಧ್ಯಯನಗಳನ್ನೆಲ್ಲ ಜಾಲಾಡಿತು. ಎಷ್ಟೋ ಕಾನೂನುಗಳ ಬಗ್ಗೆ ಗಟ್ಟಿ ಸಾಕ್ಷಿ ಸಿಗಲಿಲ್ಲ. ಗಟ್ಟಿಯಾಗಿ ಸಿಕ್ಕವುಗಳಲ್ಲಿ ಒಂದು, ಮಕ್ಕಳ ಕೈಗೆ ಬಂದೂಕು ಸಿಗದಂತೆ ಇಡಬೇಕು ಅನ್ನುವ ಕಾನೂನು. ಅದರಿಂದ ಎಳೆಯರ ಆತ್ಮಹತ್ಯೆ, ಕೈತಪ್ಪಿ ಆಗುವ ಗುಂಡೇಟು ಕಡಿಮೆ ಆಗಿವೆ. ನಿಮ್ಮ ಅಜ್ಜಿ ಮಾಡಿದ್ದು ಅದನ್ನೇ ಅಲ್ವಾ? ಲೇಖನ ಇರುವುದು ಅಲ್ಲಿ.

‘ಆಗ್ನೇಯಾಸ್ತ್ರ’ ತೆಗೆಯಿರಿ. ಮನೆಯಲ್ಲಿ ಕೋವಿ ಅಂತೀರಿ, ಹಾಗೇ ಬರೆಯಿರಿ. ಚುನಾವಣೆಗೆ ಮುಂಚೆ ಅಪ್ಪ ಅದನ್ನು ಠಾಣೆಗೆ ಒಪ್ಪಿಸುತ್ತಿದ್ದರು ಅಂತ ಒಂದೇ ಮಾತಿನಲ್ಲಿ ಮುಗಿಸಿದ್ದೀರಿ. ಗೋಣಿಯಲ್ಲಿ ಸುತ್ತಿ ಬಸ್ಸಿನಲ್ಲಿ ಒಯ್ಯುತ್ತಿದ್ದರೋ? ಕೋವಿ ಇಲ್ಲದ ಆ ದಿನಗಳಲ್ಲಿ ಹಂದಿ ಬಂದರೆ ಪಟಾಕಿ ಹೊಡೆಯುತ್ತಿದ್ದಿರೋ, ಸುಮ್ನೆ ಡಬ್ಬ ಬಡಿಯುತ್ತಿದ್ದಿರೋ?

ಅಜ್ಜಿ ಇದ್ದಾರಾ? ಇದ್ದರೆ ಹೋಗಿ ಕೇಳಿ, ತೋಟಾ ಬಚ್ಚಿಡುವ ಯೋಚನೆ ಯಾವಾಗ ಬಂತು, ಯಾಕೆ ಬಂತು ಅಂತ. ದೀಪಾವಳಿ ಒಳಗೆ ಕಳಿಸಿದರೆ ಎರಡು ಪುಟ ನಿಮಗಾಗಿ ಖಾಲಿ ಇಟ್ಟಿರುತ್ತೇನೆ.