ಪಕ್ಷ ಬಿಟ್ಟರೂ ಸೀಟು ಹೋಗಲ್ಲ: ಪೋಲೆಂಡಿನ ಗೋವಿನ್ ಕತೆ

ಪ್ರಶ್ನೆ: ಪೋಲೆಂಡಿನ ಯಾರೊಸ್ವಾವ್ ಗೋವಿನ್ ಒಮ್ಮೆ ಡೊನಾಲ್ಡ್ ಟಸ್ಕ್ ಸರ್ಕಾರದಲ್ಲಿ ಮಂತ್ರಿ, ಆಮೇಲೆ ಟಸ್ಕ್ ಅವರ ಕಡುವಿರೋಧಿಗಳ ಸರ್ಕಾರದಲ್ಲಿ ಉಪಪ್ರಧಾನಿ ಎಂದು ಓದಿದೆ. ಅಲ್ಲಿ ಪಕ್ಷಾಂತರ ನಿಷೇಧ ಕಾಯ್ದೆ ಇಲ್ವಾ? (ಶಿವಮೊಗ್ಗದ ಓದುಗರು)

ಇಲ್ಲ. ಪೋಲೆಂಡಿನ 1997ರ ಸಂವಿಧಾನದ 104ನೇ ವಿಧಿ ಸಂಸದರನ್ನು ಇಡೀ ರಾಷ್ಟ್ರದ ಪ್ರತಿನಿಧಿ ಎನ್ನುತ್ತದೆ. ಮತದಾರರ ಅಪ್ಪಣೆಗೇ ಅವರು ಕಟ್ಟುಬಿದ್ದಿಲ್ಲ, ಇನ್ನು ಪಕ್ಷದ ವಿಪ್ ಯಾವ ಲೆಕ್ಕ? ಪಕ್ಷ ಬೇಕಾದರೆ ಹೊರಗೆ ಹಾಕಬಹುದು, ಮುಂದಿನ ಸಲ ಟಿಕೆಟ್ ತಪ್ಪಿಸಬಹುದು. ಸೀಟು ಕಿತ್ತುಕೊಳ್ಳಲು ಆಗದು. 2019ರಲ್ಲಿ ಕರ್ನಾಟಕದ 17 ಶಾಸಕರು ಅನರ್ಹರಾದಂಥ ಪ್ರಸಂಗ ವಾರ್ಸಾದಲ್ಲಿ ನಡೆಯುವುದಿಲ್ಲ.

ಗೋವಿನ್ ಕ್ರಾಕೋವ್‌ನವರು, 1961ರಲ್ಲಿ ಹುಟ್ಟಿದವರು. ಓದಿದ್ದು ತತ್ವಶಾಸ್ತ್ರ. 'ಜ್ನಾಕ್' ಎಂಬ ಕ್ಯಾಥೊಲಿಕ್ ಮಾಸಪತ್ರಿಕೆಗೆ ಹತ್ತು ವರ್ಷಕ್ಕೂ ಜಾಸ್ತಿ ಸಂಪಾದಕರಾಗಿದ್ದರು. 2005ರಲ್ಲಿ ಟಸ್ಕ್ ಅವರ ಸಿವಿಕ್ ಪ್ಲಾಟ್‌ಫಾರ್ಮ್ ಪಕ್ಷದಿಂದ ಸೆನೆಟ್‌ಗೆ ಹೋದರು, 2007ರಲ್ಲಿ ಕೆಳಮನೆಯಾದ ಸೇಮ್‌ಗೆ ಬಂದರು. 2011ರಲ್ಲಿ ಪ್ರಧಾನಿ ಟಸ್ಕ್ ಗೋವಿನ್‌ಗೆ ನ್ಯಾಯ ಖಾತೆ ಕೊಟ್ಟಾಗ ಹಲವರು ಹುಬ್ಬೇರಿಸಿದರು, ಏಕೆಂದರೆ ಅವರು ಕಾನೂನು ಓದಿದವರಲ್ಲ. ಆದರೂ ಸುಮ್ನೆ ಕೂರಲಿಲ್ಲ. ಟ್ಯಾಕ್ಸಿ ಚಾಲಕರು, ಪ್ರವಾಸಿ ಗೈಡ್‌ಗಳು, ಮನೆ ಜಾಗದ ಏಜೆಂಟರು ಇಂಥವರ ಕಸುಬಿಗಿದ್ದ ಲೈಸೆನ್ಸ್ ನಿಯಮಗಳನ್ನು ಸಡಿಲಿಸಲು ಹೊರಟವರು ಅವರೇ.

ಜಗಳ ಶುರುವಾಗಿದ್ದು ಧರ್ಮ ಮತ್ತು ಕುಟುಂಬದ ವಿಷಯಗಳಲ್ಲಿ. 2013ರ ಜನವರಿಯಲ್ಲಿ, ಮದುವೆಯಾಗದ ಜೋಡಿಗಳ ಸಂಬಂಧಕ್ಕೆ ಕಾನೂನಿನ ಮಾನ್ಯತೆ ಕೊಡುವ ಮಸೂದೆಗಳು ಸಂವಿಧಾನಕ್ಕೆ ಒಗ್ಗುವುದಿಲ್ಲ ಎಂದು ಗೋವಿನ್ ಸದನದಲ್ಲೇ ಹೇಳಿದರು. ಪ್ರಧಾನಿ ಟಸ್ಕ್ ಅಲ್ಲೇ ಎದ್ದು ಅದು ಸರ್ಕಾರದ ನಿಲುವಲ್ಲ ಎನ್ನಬೇಕಾಯಿತು. ಕೃತಕ ಗರ್ಭಧಾರಣೆಯ ಭ್ರೂಣಗಳ ಬಗ್ಗೆ ಆಡಿದ ಮಾತಿನ ನಂತರ ಏಪ್ರಿಲ್‌ನಲ್ಲಿ ಖಾತೆ ಹೋಯಿತು. ಅದೇ ವರ್ಷ ಪಕ್ಷದ ಅಧ್ಯಕ್ಷಗಿರಿಗೆ ಟಸ್ಕ್ ವಿರುದ್ಧವೇ ನಿಂತು ಸುಮಾರು 20 ಶೇಕಡಾ ಮತ ಪಡೆದರು. ಸೆಪ್ಟೆಂಬರ್‌ನಲ್ಲಿ ಪಕ್ಷ ಬಿಟ್ಟರು, ಡಿಸೆಂಬರ್‌ನಲ್ಲಿ 'ಪೋಲ್‌ಸ್ಕಾ ರಾಜೆಮ್' ಎಂಬ ಹೊಸ ಪಕ್ಷ ಕಟ್ಟಿದರು.

ಮುಂದಿನದ್ದೇ ಮುಖ್ಯ. 2014ರ ಯುರೋಪಿಯನ್ ಪಾರ್ಲಿಮೆಂಟ್ ಚುನಾವಣೆಯಲ್ಲಿ ಈ ಹೊಸ ಪಕ್ಷಕ್ಕೆ ಸಿಕ್ಕಿದ್ದು 3.16 ಶೇಕಡಾ ಮತ. ಅಲ್ಲಿ ಸೀಟು ಹಂಚುವುದು ಪಕ್ಷಗಳ ಅಭ್ಯರ್ಥಿ ಪಟ್ಟಿಗೆ ಬಿದ್ದ ಮತದ ಲೆಕ್ಕದಲ್ಲಿ, 5 ಶೇಕಡಾ ದಾಟದಿದ್ದರೆ ಒಂದು ಸೀಟೂ ಇಲ್ಲ. ಸೇಮ್ ಚುನಾವಣೆಗೂ ಅದೇ ಮಿತಿ, ಮೈತ್ರಿಕೂಟವಾಗಿ ನಿಂತರೆ 8. ಅಂದರೆ ಸಣ್ಣ ಪಕ್ಷದ ನಾಯಕನಿಗೆ ದೊಡ್ಡ ಪಕ್ಷದ ಪಟ್ಟಿಯಲ್ಲಿ ಜಾಗ ಹಿಡಿಯುವುದೇ ಸುಲಭದ ದಾರಿ. ಗೋವಿನ್ ಮಾಡಿದ್ದೂ ಅದನ್ನೇ. 2014ರ ಜುಲೈನಲ್ಲಿ ಟಸ್ಕ್ ಅವರ ಕಡುವಿರೋಧಿ ಯಾರೊಸ್ವಾವ್ ಕಚಿನ್‌ಸ್ಕಿ ಅವರ ಲಾ ಅಂಡ್ ಜಸ್ಟಿಸ್ ಪಕ್ಷದ ಜತೆ ಕೈಜೋಡಿಸಿದರು. (ಹೌದು, ಇಬ್ಬರ ಹೆಸರೂ ಯಾರೊಸ್ವಾವ್.) 2015ರಲ್ಲಿ ಆ ಪಟ್ಟಿ 460ರಲ್ಲಿ 235 ಸೀಟು ಗೆದ್ದಿತು, ಗೋವಿನ್ ಉಪಪ್ರಧಾನಿ ಮತ್ತು ಉನ್ನತ ಶಿಕ್ಷಣ ಮಂತ್ರಿಯಾದರು. ಗಮನಿಸಿ, ಅವರು ಕಚಿನ್‌ಸ್ಕಿ ಪಕ್ಷದ ಸದಸ್ಯರಾಗಲಿಲ್ಲ. ಸ್ವಂತ ಪುಟ್ಟ ಪಕ್ಷ ಇಟ್ಟುಕೊಂಡು ದೊಡ್ಡ ಮನೆಯಲ್ಲಿ ಬಾಡಿಗೆಗಿದ್ದರು. 2017ರಲ್ಲಿ ಆ ಪಕ್ಷದ ಹೆಸರು 'ಪೊರೊಜುಮೆನಿಯೆ' ಎಂದಾಯಿತು.

ಪ್ರಶ್ನೆ: ಹಾಗಾದರೆ ಅವಕಾಶವಾದಿ ಅಂತ ನೇರವಾಗಿ ಹೇಳಬಹುದಲ್ವಾ? (ಬೆಂಗಳೂರಿನ ಓದುಗರು)

ಹೇಳಬಹುದು. ಆದರೆ ಆಗ ಟಸ್ಕ್ ಅವರನ್ನೂ ಅದೇ ಸಾಲಿಗೆ ನಿಲ್ಲಿಸಬೇಕಾಗುತ್ತದೆ. ಟಸ್ಕ್ ಅವರ ಮೊದಲ ಪಕ್ಷ ಲಿಬರಲ್ ಡೆಮಾಕ್ರಟಿಕ್ ಕಾಂಗ್ರೆಸ್ 1993ರಲ್ಲಿ 5 ಶೇಕಡಾ ಮುಟ್ಟಲಿಲ್ಲ. ಅದು ಇನ್ನೊಂದರ ಜತೆ ಸೇರಿ ಫ್ರೀಡಂ ಯೂನಿಯನ್ ಆಯಿತು. 2000ದ ಕೊನೆಗೆ ಅಲ್ಲಿ ಅಧ್ಯಕ್ಷ ಸ್ಥಾನಕ್ಕೆ ನಿಂತು ಸೋತರು. ಮರುತಿಂಗಳೇ ಹೊರಬಂದು ಇಬ್ಬರು ಜತೆಗಾರರೊಂದಿಗೆ ಸಿವಿಕ್ ಪ್ಲಾಟ್‌ಫಾರ್ಮ್ ಕಟ್ಟಿದರು. ಸೋತು ಹೊರಬಿದ್ದು ಹೊಸ ಪಕ್ಷ: ಗೋವಿನ್ 2013ರಲ್ಲಿ ಹಿಡಿದ ದಾರಿಯೇ. ಒಂದೇ ವ್ಯತ್ಯಾಸ, ಟಸ್ಕ್ ಪಕ್ಷಕ್ಕೆ 2001ರಲ್ಲಿ 12.68 ಶೇಕಡಾ ಬಂತು. ಗೆದ್ದವರನ್ನು ಪಕ್ಷದ ಸ್ಥಾಪಕ ಅಂತೀವಿ, ಸೋತವರನ್ನು ಪಕ್ಷಾಂತರಿ ಅಂತೀವಿ.

ನನಗೆ ಗೋವಿನ್ ಅವರ ಮೇಲೆ ಬೇರೆಯೇ ತಕರಾರಿದೆ. 2017ರಲ್ಲಿ ಸರ್ಕಾರ ನ್ಯಾಯಾಂಗದ ಮೇಲೆ ಹಿಡಿತ ಬಿಗಿ ಮಾಡುವ ಮಸೂದೆಗಳನ್ನು ತಂದಾಗ ಅವರು ಪರವಾಗಿ ಮತ ಹಾಕಿದರು. ಆಮೇಲೆ, ಖುಷಿಯಿಂದೇನೂ ಹಾಕಲಿಲ್ಲ ಎಂದರು. ನ್ಯಾಯ ಮಂತ್ರಿಯಾಗಿದ್ದವರಿಂದ ಬರಬೇಕಾದ ಮಾತಾ ಅದು? ಪಕ್ಷ ಬಿಟ್ಟಿದ್ದಕ್ಕಿಂತ ಅಲ್ಲಿ ಎದ್ದು ಹೋಗದೆ ಉಳಿದಿದ್ದೇ ನನಗೆ ದೊಡ್ಡ ತಪ್ಪಾಗಿ ಕಾಣುತ್ತದೆ.

ಒಮ್ಮೆ ಮಾತ್ರ ಅವರು ನಿಜವಾಗಿ ಹಟ ಹಿಡಿದರು. 2020ರ ಮೇ 10ರಂದು ದೇಶದ ಅಧ್ಯಕ್ಷರ ಚುನಾವಣೆ ನಡೆಯಬೇಕಿತ್ತು. ಕೊರೋನಾ ಬಂದಿತ್ತು. ಇಡೀ ದೇಶಕ್ಕೆ ಅಂಚೆಯಲ್ಲೇ ಮತದಾನ ಮಾಡಿಸುತ್ತೇವೆ ಎಂದು ಕಚಿನ್‌ಸ್ಕಿ ಪಟ್ಟು ಹಿಡಿದರು. ಗೋವಿನ್ ಏಪ್ರಿಲ್‌ನಲ್ಲಿ ರಾಜೀನಾಮೆ ಕೊಟ್ಟರು, ಪಕ್ಷವನ್ನು ಮಾತ್ರ ಮೈತ್ರಿಯಲ್ಲೇ ಉಳಿಸಿದರು. ಈಗ ಲೆಕ್ಕ ನೋಡಿ. ಬಹುಮತಕ್ಕೆ 231 ಬೇಕು. ಸರ್ಕಾರದ ಬಳಿ ಇದ್ದದ್ದು 235, ಅದರಲ್ಲಿ ಗೋವಿನ್ ಪಕ್ಷದವರು 18. ಐದೇ ಜನ ಆಚೆ ಸರಿದರೂ ಬಹುಮತ ಹೋಯಿತು. ಮೇ 6ರಂದು ಇಬ್ಬರು ಯಾರೊಸ್ವಾವ್‌ಗಳೂ ಒಪ್ಪಂದಕ್ಕೆ ಬಂದರು, ಮೇ 10ರ ಮತದಾನ ನಡೆಯಲೇ ಇಲ್ಲ. ಅಷ್ಟರಲ್ಲಿ ಅಂಚೆ ಮತದಾನದ ತಯಾರಿಗೆ ಸುಮಾರು 7 ಕೋಟಿ ಜ್ಲೋಟಿ (ಪೋಲೆಂಡಿನ ಹಣ) ನೀರುಪಾಲಾಗಿತ್ತು. ಚುನಾವಣೆ ಜೂನ್ 28ಕ್ಕೆ ನಡೆಯಿತು. ಎರಡನೇ ಸುತ್ತಿನಲ್ಲಿ ಕಚಿನ್‌ಸ್ಕಿ ಪಕ್ಷ ಬೆಂಬಲಿಸಿದ್ದ ಆಂಜೆ ದೂಡಾ 51.03 ಶೇಕಡಾ ಪಡೆದು ಗೆದ್ದರು.

ಆ ಅಕ್ಟೋಬರ್‌ನಲ್ಲಿ ಗೋವಿನ್ ಮತ್ತೆ ಉಪಪ್ರಧಾನಿಯಾದರು. ಆದರೆ ಕಚಿನ್‌ಸ್ಕಿ ಇಂಥದ್ದನ್ನು ಮರೆಯುವವರಲ್ಲ. 2021ರ ಆರಂಭದಲ್ಲಿ ಗೋವಿನ್ ಪಕ್ಷದವರೇ ಆದ ಆದಾಮ್ ಬಿಯೆಲಾನ್, ಪಕ್ಷದ ಅಧ್ಯಕ್ಷರಾಗಿ ಗೋವಿನ್ ಅವಧಿ 2018ರಲ್ಲೇ ಮುಗಿದಿದೆ, ಇವರು ಅಧ್ಯಕ್ಷರೇ ಅಲ್ಲ ಎಂದು ಎದ್ದುನಿಂತರು. ಕೆಲವು ಸಂಸದರನ್ನು ಕಟ್ಟಿಕೊಂಡು ಬೇರೆ ಪಕ್ಷವನ್ನೂ ಮಾಡಿದರು. ಆಗಸ್ಟ್‌ನಲ್ಲಿ ತೆರಿಗೆ ಬದಲಾವಣೆ ಮತ್ತು ಖಾಸಗಿ ಟಿವಿಎನ್ ವಾಹಿನಿಯನ್ನು ಕಟ್ಟಿಹಾಕುವ ಮಸೂದೆ ವಿರೋಧಿಸಿದ ಗೋವಿನ್ ಅವರನ್ನು ಪ್ರಧಾನಿ ಮೊರಾವ್ಯೆಟ್ಸ್‌ಕಿ ಸಂಪುಟದಿಂದ ಕೈಬಿಟ್ಟರು. ಮರುದಿನವೇ ಆ ಟಿವಿಎನ್ ಮಸೂದೆ ಸೇಮ್‌ನಲ್ಲಿ 228–216ರಲ್ಲಿ ಪಾಸಾಯಿತು! ಗೋವಿನ್ ಜತೆ ಉಳಿದವರು ಬೆರಳೆಣಿಕೆಯಷ್ಟು. ಸೀಟು ಕಳೆದುಕೊಳ್ಳುವ ಭಯವಿಲ್ಲದೆ ಅವರು ಟಸ್ಕ್ ಅವರನ್ನು ಬಿಟ್ಟಿದ್ದರಲ್ಲ, ಅವರ ಕಡೆಯವರೂ ಅಷ್ಟೇ ನಿಶ್ಚಿಂತೆಯಿಂದ ಅವರನ್ನು ಬಿಟ್ಟರು.

ಪ್ರಶ್ನೆ: ಮತದಾರರು ಇಂಥವರಿಗೆ ಪಾಠ ಕಲಿಸುವುದಿಲ್ಲವೇ? (ಮೈಸೂರಿನ ಓದುಗರು)

ಕಲಿಸಿದ್ದು ಕಮ್ಮಿ. ರಾದೊಸ್ವಾವ್ ಸಿಕೊರ್‌ಸ್ಕಿ 2005ರಲ್ಲಿ ಲಾ ಅಂಡ್ ಜಸ್ಟಿಸ್ ಸರ್ಕಾರದ ರಕ್ಷಣಾ ಮಂತ್ರಿ, 2007ರಲ್ಲಿ ಟಸ್ಕ್ ಸರ್ಕಾರದ ವಿದೇಶಾಂಗ ಮಂತ್ರಿ, 2023ರ ಡಿಸೆಂಬರ್‌ನಲ್ಲಿ ಮತ್ತೆ ಅದೇ ಖಾತೆ. ರೋಮನ್ ಗಿಯೆರ್ತಿಖ್ ಇನ್ನೂ ಸ್ವಾರಸ್ಯದವರು. 2006ರಲ್ಲಿ ಕಚಿನ್‌ಸ್ಕಿ ಸಂಪುಟದ ಉಪಪ್ರಧಾನಿ. 2023ರಲ್ಲಿ ಅದೇ ಕಚಿನ್‌ಸ್ಕಿ ನಿಂತ ಕ್ಷೇತ್ರದಲ್ಲೇ ಟಸ್ಕ್ ಕೂಟದ ಪಟ್ಟಿಯ ಕೊನೆಯ ಹೆಸರಾಗಿ ನಿಂತು ಗೆದ್ದರು. ರಾಕ್ ಹಾಡುಗಾರ ಪಾವೆಲ್ ಕುಕಿಜ್ 2015ರಲ್ಲಿ ಸ್ವಂತ ಪಟ್ಟಿಯಿಂದ, 2019ರಲ್ಲಿ ರೈತರ ಪಕ್ಷದ ಪಟ್ಟಿಯಿಂದ, 2023ರಲ್ಲಿ ಲಾ ಅಂಡ್ ಜಸ್ಟಿಸ್ ಪಟ್ಟಿಯಿಂದ ಸದನ ಸೇರಿದರು. ಗೋವಿನ್ ಹೊರಹೋದಾಗ ಸರ್ಕಾರಕ್ಕೆ ಆಸರೆಯಾದ ಮತಗಳಲ್ಲಿ ಕುಕಿಜ್ ಅವರದೂ ಇತ್ತು.

ಇವರೆಲ್ಲರಿಗೂ ಸಿಕ್ಕಿದ್ದು, ಗೋವಿನ್ ಅವರಿಗೆ ಕೊನೆಗೆ ಸಿಗದಿದ್ದದ್ದು ಒಂದೇ: ಇನ್ನೊಂದು ಪಟ್ಟಿಯಲ್ಲಿ ಜಾಗ. 2022ರ ಡಿಸೆಂಬರ್‌ನಲ್ಲಿ ಪಕ್ಷದ ಅಧ್ಯಕ್ಷತೆಯನ್ನು ಮಗ್ದಲೇನಾ ಸ್ರೊಕಾ ಅವರಿಗೆ ಬಿಟ್ಟುಕೊಟ್ಟರು. 2023ರಲ್ಲಿ ಸ್ಪರ್ಧಿಸಲೇ ಇಲ್ಲ. ಸ್ರೊಕಾ ಮಾತ್ರ 'ಥರ್ಡ್ ವೇ' ಎಂಬ ಮೈತ್ರಿಕೂಟದ ಪಟ್ಟಿಯಿಂದ ನಿಂತು ಗೆದ್ದರು.