ರಘುವನ್ನು ಕರೆದೊಯ್ದ ದಿನ

ಪ್ರಿಯ ಓದುಗರೆ,

ತಬ್ಬಲಿ ಮರಿಯಾನೆ ರಘುವನ್ನು ಸಾಕಿದ ಬೊಮ್ಮನ್, ಬೆಳ್ಳಿ ದಂಪತಿಯ ಕುರಿತ ಸಾಕ್ಷ್ಯಚಿತ್ರ ‘ದಿ ಎಲಿಫೆಂಟ್ ವಿಸ್ಪರರ್ಸ್’ ಬಗ್ಗೆ ನಾವು ಬರೆದ ಮೆಚ್ಚುಗೆಯ ಟಿಪ್ಪಣಿ ಓದಿ ಮನೆಮಂದಿಯೆಲ್ಲ ಕೂತು ಚಿತ್ರ ನೋಡಿದಿರಿ. ನಿಮ್ಮ ಅತ್ತೆ ಕಣ್ಣೊರೆಸಿಕೊಂಡರು. ಕಾಲೇಜು ಓದುವ ಮಗ ಮಾತ್ರ ‘ಕಟ್ಟಿಹಾಕಿ ಸಾಕೋದಕ್ಕೆ ಪ್ರೀತಿ ಅಂತ ಹೆಸರಿಟ್ಟಿದ್ದಾರೆ’ ಎಂದು ಎದ್ದು ಹೋದ. ಇಬ್ಬರಲ್ಲಿ ಯಾರು ಸರಿ ಎಂದು ಕೇಳಿದ್ದೀರಿ. ನಮ್ಮ ಕಚೇರಿಯಲ್ಲೂ ಇದೇ ವಾದ ನಡೆದು ಇನ್ನೂ ಮುಗಿದಿಲ್ಲ.

ಅತ್ತೆಯವರ ಕಣ್ಣೀರು ಸುಳ್ಳಲ್ಲ. ಬಂಡೀಪುರ ದಾಟಿ ಊಟಿ ರಸ್ತೆಯಲ್ಲಿ ಸಿಗುವ ಮುದುಮಲೈನ ತೆಪ್ಪಕಾಡು ಆನೆ ಶಿಬಿರದ ಬೊಮ್ಮನ್, ಬೆಳ್ಳಿ ನಟರಲ್ಲ, ಕಾಟ್ಟುನಾಯಕ ಬುಡಕಟ್ಟಿನವರು. ರಘುವಿನ ತಾಯಿ ಕರೆಂಟ್ ತಗುಲಿ ಸತ್ತಿತ್ತು. ಬೆಳ್ಳಿ ಮಗಳನ್ನು ಕಳೆದುಕೊಂಡಿದ್ದವರು. ಮರಿಗೆ ತುತ್ತು ಕೊಡುವ ಆ ಕೈಯನ್ನು ಯಾವ ನಿರ್ದೇಶಕರೂ ಹೇಳಿಕೊಟ್ಟು ಆಡಿಸಲಾರರು.

ಮಗನ ಮಾತನ್ನೂ ತಳ್ಳಿಹಾಕಲಾರೆ. ಮರಿಯಾನೆ ಮರಿಯಾಗಿಯೇ ಉಳಿಯುವುದಿಲ್ಲ. ಗಂಡಾನೆಗೆ ಮದ ಬಂದಾಗ ಯಾವ ಶಿಬಿರದಲ್ಲೇ ಆಗಲಿ ಸರಪಳಿ ಬೇಕೇ ಬೇಕು. ಸೆರೆಹಿಡಿದ ಕಾಡಾನೆಯನ್ನು ಪಳಗಿಸಲು ಕ್ರಾಲ್‌ನಲ್ಲಿ, ಅಂದರೆ ದಪ್ಪ ಮರದ ದಿಮ್ಮಿಗಳ ದೊಡ್ಡಿಯಲ್ಲಿ, ಕೂಡಿಹಾಕುವುದನ್ನು ಆನೆ ಶಿಬಿರಗಳಿರುವ ನಮ್ಮ ದುಬಾರೆ, ಮತ್ತಿಗೋಡು ಕಡೆಯವರು ಬಲ್ಲರು. ಸುಮಾರು 40 ನಿಮಿಷದ ಚಿತ್ರ ಅದರ ಸುದ್ದಿಗೇ ಹೋಗುವುದಿಲ್ಲ. ಕೊರತೆ ದೊಡ್ಡದೇ.

ಆದರೆ ಸಿಟ್ಟು ಬೊಮ್ಮನ್ ಮೇಲೆ ತಿರುಗಬಾರದು. ರಘುವನ್ನು ಬೇರೆಯವರ ಕೈಗೆ ಒಪ್ಪಿಸುವ ದೃಶ್ಯವನ್ನು ಇನ್ನೊಮ್ಮೆ ನೋಡಿ. ಅವನನ್ನು ಕರೆದೊಯ್ದ ಮೇಲೆ ಇವರೇ ಸಾಕುತ್ತಿದ್ದ ಇನ್ನೊಂದು ಮರಿಯಾನೆ, ಪುಟ್ಟ ಅಮ್ಮು ಕೂಡ ಮಂಕಾಗುತ್ತಾಳೆ. ಹಾಲು ಕುಡಿಸಿ, ಮೈತೊಳೆದು, ಪಕ್ಕದಲ್ಲೇ ಮಲಗಿ ಬೆಳೆಸಿದವರಿಗೆ ಆನೆಯನ್ನು ಇಟ್ಟುಕೊಳ್ಳುವ ಹಕ್ಕಿಲ್ಲ, ಬಿಟ್ಟುಕೊಡಲಾರೆ ಎನ್ನುವ ಹಕ್ಕೂ ಇಲ್ಲ. ತೀರ್ಮಾನ ಅರಣ್ಯ ಇಲಾಖೆಯದು. ನಿರ್ದೇಶಕಿ ಕಾರ್ತಿಕಿ ಗೊನ್ಸಾಲ್ವಿಸ್ ಆ ಸಂಕಟವನ್ನು ತೋರಿಸಿದರು, ಹೀಗೇಕೆ ಎಂದು ಕೇಳಲಿಲ್ಲ. ಚಿತ್ರದ ಬಗ್ಗೆ ನನ್ನ ಇನ್ನೊಂದು ತಕರಾರು ಇದು. ಬೆಳ್ಳಿಯವರಿಗೆ ತಮಿಳುನಾಡು ಸರ್ಕಾರ ಕಾವಾಡಿಯಾಗಿ, ಅಂದರೆ ಮಾವುತರ ಸಹಾಯಕಿಯಾಗಿ, ಕಾಯಂ ಕೆಲಸದ ಆದೇಶ ಕೊಟ್ಟಿದ್ದೂ 2023ರ ಆಗಸ್ಟ್‌ನಲ್ಲಿ, ಚಿತ್ರಕ್ಕೆ ಆಸ್ಕರ್ ಪ್ರಶಸ್ತಿ ಬಂದು ತಿಂಗಳುಗಳಾದ ಮೇಲೆ.

ಇನ್ನೊಂದು ಮಾತು, ಇದನ್ನು ನಮ್ಮ ಟಿಪ್ಪಣಿಯಲ್ಲೇ ಹೇಳಬೇಕಿತ್ತು. ಬಿಟ್ಟಿದ್ದು ನಮ್ಮ ತಪ್ಪು. 2023ರ ಮಾರ್ಚ್‌ನಲ್ಲಿ, ಪ್ರಶಸ್ತಿಗೆ ಕೆಲವೇ ದಿನ ಮೊದಲು, ಧರ್ಮಪುರಿ ಜಿಲ್ಲೆಯ ಹೊಲವೊಂದರ ಬೇಲಿಗೆ ಹರಿಸಿದ್ದ ಕರೆಂಟ್‌ಗೆ ಮೂರು ಹೆಣ್ಣಾನೆಗಳು ಬಲಿಯಾದವು, ಎರಡು ಮರಿಗಳು ತಬ್ಬಲಿಯಾದವು. ಪ್ರಶಸ್ತಿ ಘೋಷಣೆಯಾದಾಗ ಬೊಮ್ಮನ್ ಮನೆಯಲ್ಲಿರಲಿಲ್ಲ, ಇನ್ನೊಂದು ಕಡೆ ಮರಿಯಾನೆಯ ಕೆಲಸಕ್ಕೆ ಹೋಗಿದ್ದರು. ಸೋಲಾರ್ ಬೇಲಿ ಆನೆಗೆ ಚುರುಕ್ ಎನ್ನಿಸಿ ಓಡಿಸುತ್ತದೆ, ಕೊಲ್ಲುವುದಿಲ್ಲ. ಕೊಲ್ಲುವುದು ಲೈನಿನಿಂದ ನೇರವಾಗಿ ಎಳೆದುಕೊಳ್ಳುವ ತಂತಿ. ರಾತ್ರಿಯೆಲ್ಲ ಅಟ್ಟಣೆಯಲ್ಲಿ ಕೂತರೂ ಬೆಳೆ ಉಳಿಯದ ರೈತನ ಕಷ್ಟ ನನಗೆ ಗೊತ್ತಿಲ್ಲದ್ದಲ್ಲ. ಆದರೂ ಆ ತಂತಿ ಇರುವವರೆಗೆ ತೆಪ್ಪಕಾಡಿಗೆ ಮರಿಗಳು ಬರುತ್ತಲೇ ಇರುತ್ತವೆ. ಬಂದ ಮರಿಯನ್ನು ಹಿಂಡಿಗೆ ಸೇರಿಸುವ ಪ್ರಯತ್ನ ಕೈಕೊಟ್ಟಾಗ, ಬೇಕಾಗುವುದು ಬೊಮ್ಮನ್, ಬೆಳ್ಳಿಯಂಥವರ ಮಡಿಲೇ.

ನಿಮ್ಮ ಮಗನಿಗೆ ಈ ಉತ್ತರ ತೋರಿಸಿ. ಒಪ್ಪದಿದ್ದರೆ ಅವನೇ ಬರೆಯಲಿ, ಮುಂದಿನ ಸಂಚಿಕೆಯಲ್ಲಿ ಒಂದು ಪುಟ ಅವನಿಗೆಂದೇ ತೆಗೆದಿಡುತ್ತೇನೆ. ಅತ್ತೆಯವರಿಗೆ ನನ್ನ ನಮಸ್ಕಾರ.

– ಸಂಪಾದಕ